ಗಂಜಿ ಕುಡಿದ ಹಳ್ಳ

ನೂಲಗೇರಿಯ ಹಳ್ಳವನ್ನು ನೋಡಿ, ಮುಂದಿನ ತಿಂಗಳು ಪೇಟೆಗೆ ಯಾವ ಬಣ್ಣದ ಸೀರೆ ಬರುತ್ತದೆಂದು ಹೇಳಬಹುದಾಗಿದ್ದ ಕಾಲವೊಂದಿತ್ತು. ಹಳ್ಳ ಕೆಂಪಗೆ ಹರಿದರೆ ಮದುವೆಯ ಹಂಗಾಮು ಹತ್ತಿರ ಬಂತೆಂದು ಅರ್ಥ, ಹಸಿರಾದರೆ ಶ್ರಾವಣದ ಉಡಿ ತುಂಬುವ ಸೀರೆಗಳು. ನೇಕಾರರ ಊರು. ನೂಲಿಗೆ ಬಣ್ಣ ಹಾಕುವ ಮನೆಗಳೆಲ್ಲ ಹಳ್ಳಕ್ಕೆ ಬೆನ್ನು ಹಾಕಿ ನಿಂತಿದ್ದವು; ನೂಲು ಅದ್ದಿ ಉಳಿದ ನೀರನ್ನು ಹಿತ್ತಲಿನಿಂದ ಹಳ್ಳಕ್ಕೆ ಬಿಟ್ಟು ಕೈ ತೊಳೆದುಕೊಳ್ಳುತ್ತಿದ್ದವು. ಅಂಥ ನೀರಿನಲ್ಲಿ ಮೀನಿನ ಮಾತು ಹಾಗಿರಲಿ, ಸೊಳ್ಳೆ ಕೂಡ ಮೊಟ್ಟೆ ಇಡಲು ಹಿಂದೆಮುಂದೆ ನೋಡುತ್ತಿತ್ತು.

ಆಮೇಲೆ ಬಣ್ಣಬಾಕ ಬಂತು. ಪ್ರಯೋಗಶಾಲೆಯವರು ಅದಕ್ಕೆ ನಾಲಿಗೆ ಹೊರಳದ ಹೆಸರೊಂದನ್ನು ಇಟ್ಟಿದ್ದರು. ಊರವರು ಒಂದೇ ದಿನದಲ್ಲಿ ಅದನ್ನು ಬದಿಗೆ ಸರಿಸಿ, ಹೊಟ್ಟೆಬಾಕನ ತಮ್ಮನೋ ಎಂಬಂತೆ ಬಣ್ಣಬಾಕ ಎಂದು ಕರೆದರು. ಅದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿ. ನೀರಿನಲ್ಲಿ ಕರಗಿದ ಬಣ್ಣವನ್ನು ತಿಂದು ಬದುಕುವಂತೆ ಅದರ ಹುಟ್ಟುಗುಣವನ್ನೇ ತಿದ್ದಿದ್ದರು. ಒಣಮಣ್ಣಿನಲ್ಲಿ ಅದು ವರ್ಷಗಟ್ಟಲೆ ನಿದ್ದೆ ಮಾಡುತ್ತದೆ, ನೀರು ತಾಕಿದರೆ ಏಳುತ್ತದೆ, ಎದ್ದ ಮೇಲೆ ಮೆಲ್ಲಗೆ ತಿನ್ನುತ್ತದೆ. ಆ ‘ಮೆಲ್ಲಗೆ’ ಎಂಬುದೇ ಮುಖ್ಯ. ತಿನ್ನುವಾಗ ಅದೂ ಉಸಿರಾಡಬೇಕು, ನೀರಿನಲ್ಲಿರುವ ಆಮ್ಲಜನಕವನ್ನು ಮೀನಿನ ಜೊತೆ ಹಂಚಿಕೊಳ್ಳಬೇಕು. ಬಣ್ಣವೇನೂ ಬಹಳ ರುಚಿಯ ಊಟವಲ್ಲವಾದ್ದರಿಂದ ಅದು ಹೆಚ್ಚು ತಿನ್ನುತ್ತಿರಲಿಲ್ಲ, ಹೆಚ್ಚು ಮರಿ ಹಾಕುತ್ತಲೂ ಇರಲಿಲ್ಲ.

ಒಂದು ವೇಳೆ ಮಿತಿಮೀರಿ ಬೆಳೆದರೆ? ಸರಕಾರ ಅದಕ್ಕೂ ಕಟ್ಟಳೆ ಮಾಡಿತ್ತು. ಹಳ್ಳದ ಮೇಲ್ತುದಿಯ ಸೇತುವೆಯ ಬಳಿ ದೊಡ್ಡದೊಂದು ಟಾಕಿ, ಅದರ ತುಂಬ ನಂದಿಸುವ ನೀರು, ಅಂದರೆ ಜೀವ ತೆಗೆಯುವ ಮದ್ದು ಬೆರೆಸಿದ್ದು. ಹಳ್ಳದುದ್ದಕ್ಕೂ ನೀರಿನ ಆಮ್ಲಜನಕ ನೋಡುವ ಅಳತೆಕೋಲುಗಳು, ಕೊನೆಯದು ಶಾಲೆಯಿಂದ ಹಳ್ಳಕ್ಕಿಳಿಯುವ ಮೆಟ್ಟಿಲ ಬಳಿ. ಅಲ್ಲಿ ಆಮ್ಲಜನಕ ಎರಡರ ಗೆರೆಗಿಂತ ಕೆಳಗಿಳಿದರೆ ಸೈರನ್ ಕೂಗುತ್ತದೆ. ಒಂದು ತಾಸು ಕೆಳಗೇ ನಿಂತರೆ ಟಾಕಿಯ ಬಾಗಿಲು ತಾನಾಗಿ ತೆರೆಯುತ್ತದೆ. ಬಣ್ಣಬಾಕ ಘಟಪ್ರಭೆಯನ್ನು ಸೇರುವ ಮೊದಲೇ ಸಾಯುತ್ತದೆ; ಅದರ ಜೊತೆಗೆ ಮೀನು, ಏಡಿ, ಕಪ್ಪೆ, ಪಾಚಿ ಎಲ್ಲವೂ ಸಾಯುತ್ತವೆ. ಹಾಗೆ ನಂದಿಸಿದ ಹಳ್ಳವನ್ನು ಕಾನೂನು ಸತ್ತ ಹಳ್ಳವೆಂದು ಎಣಿಸುತ್ತದೆ. ಸತ್ತ ಹಳ್ಳಕ್ಕೆ ಕಾಂಕ್ರೀಟಿನ ಮುಚ್ಚಳ ಹಾಕಿ ಮೇಲೆ ರಸ್ತೆ ಮಾಡುತ್ತಾರೆ. ನೂಲಗೇರಿಯ ಪೇಟೆಯವರಿಗೆ ರಸ್ತೆಯ ಆಸೆ ಬಹಳ. ಮುಚ್ಚಳದ ಹಲಗೆಗಳು ಆಗಲೇ ಬಂದು ಸೇತುವೆಯ ಪಕ್ಕದಲ್ಲಿ ಒಂದರ ಮೇಲೊಂದು ಕುಳಿತಿದ್ದವು.

ಆ ಹಲಗೆಗಳನ್ನು ದಿನಾ ದಾಟಿ ಕೆಲಸಕ್ಕೆ ಹೋಗುವವಳು ಶಾಂಭವಿ. ಹಳ್ಳದ ನಿಗಾ ನೋಡುವ ಅಧಿಕಾರಿ, ಅದೇ ಊರಿನ ನೇಕಾರರ ಮನೆಯ ಸೊಸೆ. ಮೊದಮೊದಲು ಬಣ್ಣಬಾಕವನ್ನು ಮಣ್ಣಿನ ಉಂಡೆಗಳಲ್ಲಿ ಸೇರಿಸಿ ಡ್ರೋನಿನಿಂದ ಹಳ್ಳಕ್ಕೆ ಸುರಿದಾಗ, ಮೊದಲ ಮಳೆಗೇ ಎಲ್ಲವೂ ಕೊಚ್ಚಿಕೊಂಡು ಹೋಗಿತ್ತು. ಕಲ್ಲಿನ ಸಂದಿಗೆ, ಬೇರಿನ ಬುಡಕ್ಕೆ ಕೈಯಿಂದ ಸಿಕ್ಕಿಸಿದರೆ ಮಾತ್ರ ಅದು ನೆಲೆ ನಿಲ್ಲುತ್ತದೆ. ಅಷ್ಟು ಕೈ ಎಲ್ಲಿಂದ ತರುವುದೆಂದು ಅವಳು ತಲೆ ಕೆಡಿಸಿಕೊಂಡಿದ್ದಾಗ, ಶಾಲೆಯಲ್ಲಿ ಚಿತ್ರ ಕಲಿಸುವ ಬಡಿಗೇರ ಮಾಸ್ತರರು ನಕ್ಕುಬಿಟ್ಟರು.

"ಅಕ್ಕಾರ, ನಮ್ಮ ಹುಡುಗರು ಹೆಂಗೂ ವರ್ಷಾ ಹಳ್ಳದ ಮಣ್ಣ ತಂದು ಎತ್ತ ಮಾಡ್ತಾವು, ಗುಳ್ಳವ್ವನ್ನ ಮಾಡ್ತಾವು. ನಿಮ್ಮ ಬಾಕನ್ನ ಆ ಮಣ್ಣಾಗ ಕಲಸ್ರಲ್ಲ," ಎಂದರು.

ಮಣ್ಣೆತ್ತಿನ ಅಮಾವಾಸ್ಯೆಗೆ ಗಂಡುಹುಡುಗರ ಎತ್ತು. ಅದಾದ ಮೇಲೆ ಆಷಾಢದ ಮಂಗಳವಾರಗಳಿಗೆ ಹೆಣ್ಣುಮಕ್ಕಳ ಗುಳ್ಳವ್ವ: ಅಂಗೈಯಗಲದ ಮಣ್ಣಿನ ಗೌರಿ, ಕಣ್ಣಿಗೆ ಗುಲಗಂಜಿ, ಮೈಗೆ ಕುಸುಬಿಯ ಕಾಳು. ತಟ್ಟೆಯಲ್ಲಿಟ್ಟುಕೊಂಡು ಮನೆಮನೆಗೆ ಹೋಗುವುದು, ಬೊಗಸೆ ಕಾಳು ಹಾಕಿಸಿಕೊಳ್ಳುವುದು, ಸಂಜೆಗೆ ಹಳ್ಳಕ್ಕೆ ಬಿಡುವುದು. ಮಾಸ್ತರರು ಇದನ್ನೇ ಪಾಠ ಮಾಡಿದರು. ಗೊಂಬೆ ಮಾಡುವ ಮೊದಲು ಹಳ್ಳ ಓದಬೇಕು. ನೀರು ಎಲ್ಲಿ ಸುಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಮರಿ ಮೀನು ಎಲ್ಲಿ ಅಡಗುತ್ತದೆ ಎಂದು ನೋಡಿ ಗೋಡೆಯ ಮೇಲೆ ಬರೆಯಬೇಕು. ಆಮೇಲೆ ತನ್ನ ಗೊಂಬೆಗೆ ತಾನೇ ಜಾಗ ಹುಡುಕಬೇಕು. ಜಾಗವನ್ನು ಯಾರಿಗೂ ಹೇಳಬಾರದೆಂಬುದು ಹುಡುಗಿಯರೇ ಸೇರಿಸಿಕೊಂಡ ನೇಮ. ಹಳ್ಳದ ದಂಡೆಯ ಗೋಡೆಗಳ ಉದ್ದಕ್ಕೂ ಅವರು ಬಿಡಿಸಿದ ನೀರಿನ ಚಿತ್ರಗಳು ತುಂಬಿಕೊಂಡವು. ಎರಡು ವರ್ಷದಲ್ಲಿ ನೀರು ತಿಳಿಯಾಯಿತು. ಈ ಬೇಸಿಗೆಯಲ್ಲಿ ಬೆರಳುದ್ದದ ಬೆಳ್ಳಿಮೀನುಗಳು ನದಿಯಿಂದ ಏರಿ ಬಂದವು. ಆ ದಿನ ಶಾಂಭವಿಯ ಮಗಳು, ಐದನೆಯ ತರಗತಿಯ ಕುಸುಮಾ, ಒದ್ದೆ ಲಂಗದಲ್ಲೇ ತಾಯಿ ಕೆಲಸ ಮಾಡುವ ಕಂಟ್ರೋಲ್ ರೂಮಿಗೆ ಓಡಿ ಬಂದು ಸುದ್ದಿ ಹೇಳಿದ್ದಳು. ಅಳತೆಕೋಲು ಹೇಳುವ ಮೊದಲೇ ಮಗಳು ಹೇಳಿದಳೆಂದು ಶಾಂಭವಿ ಊರೆಲ್ಲ ಹೇಳಿಕೊಂಡು ತಿರುಗಿದ್ದಳು.

ಆಷಾಢದ ಮೂರನೆಯ ಮಂಗಳವಾರ ಕಳೆದು ಬುಧವಾರ ಅವಳು ಕೆಲಸಕ್ಕೆ ಬಂದಾಗ ದಾದಾಪೀರ್ ಚಹಾ ಮುಂದಿಟ್ಟುಕೊಂಡು ಕುಡಿಯದೆ ಕುಳಿತಿದ್ದ. ಯಂತ್ರಗಳನ್ನು ನೋಡಿಕೊಳ್ಳುವ ತಂತ್ರಜ್ಞ ಅವನು, ಚಹಾ ಆರಲು ಬಿಡುವ ಮನುಷ್ಯನಲ್ಲ.

"ಮೇಡಂ, ನೀರಿನ ಉಸಿರು ಇಳ್ಯಾಕತ್ತೇತಿ," ಎಂದ.

ಪರದೆಯ ಮೇಲೆ ನಿನ್ನೆ ಸಂಜೆಯವರೆಗೆ ಆರರ ಹತ್ತಿರ ಇದ್ದ ಆಮ್ಲಜನಕದ ಗೆರೆ ರಾತ್ರಿಯಿಡೀ ಜಾರಿ ಈಗ ಮೂರೂವರೆಗೆ ಬಂದಿತ್ತು. ಒಂದು ಅಳತೆಕೋಲು ಕೆಟ್ಟರೆ ಒಂದೇ ಗೆರೆ ಇಳಿಯಬೇಕು. ಮೇಲಿನಿಂದ ಕೆಳಗಿನವರೆಗೆ ಎಲ್ಲವೂ ಒಟ್ಟಿಗೆ ಇಳಿಯುತ್ತಿದ್ದವು. ಹೊರಗೆ ಮೋಡ ದಟ್ಟವಾಗಿ ಕವಿದಿತ್ತು. ಬಿಸಿಲು ಬಿದ್ದರೆ ಪಾಚಿಯಾದರೂ ಒಂದಿಷ್ಟು ಆಮ್ಲಜನಕ ಕೊಡುತ್ತಿತ್ತು. ಆ ಆಸೆಯೂ ಇರಲಿಲ್ಲ.

"ಬಣ್ಣದ ಮನಿಯವರು ಯಾರೋ ಬಿಟ್ಟಾರ," ಎಂದಳು ಶಾಂಭವಿ. ಹಳೆಯ ಕಳ್ಳನ ಮೇಲೆಯೇ ಮೊದಲ ಅನುಮಾನ.

"ಬಣ್ಣ ಇಲ್ರಿ. ನೀರು ಗಾಜಿನಂಗ ಐತಿ. ನಾನೂ ಅದನ್ನ ನೋಡಿದೆ."

ಅವಳು ಜಿಲ್ಲಾ ಕಚೇರಿಗೆ ಫೋನ್ ಮಾಡಿದಳು. ಟಾಕಿಯ ಬಾಗಿಲನ್ನು ಒಂದು ದಿನದ ಮಟ್ಟಿಗೆ ಹಿಡಿದಿಡಲು ಬರುತ್ತದೆಯೇ ಎಂದು ಕೇಳಿದಳು. ಬರುವುದಿಲ್ಲ, ಮನುಷ್ಯರ ಕೈಯಲ್ಲಿ ಕೊಟ್ಟರೆ ಊರಿನ ಒತ್ತಡ ಬರುತ್ತದೆಂದೇ ಅದನ್ನು ಯಂತ್ರಕ್ಕೆ ಬಿಟ್ಟಿದ್ದೇವೆ ಎಂದು ಆ ಕಡೆಯ ದನಿ ವಿನಯದಿಂದಲೇ ಹೇಳಿತು. ಆ ನಿಯಮವನ್ನು ಬರೆದ ಸಮಿತಿಯಲ್ಲಿ ಶಾಂಭವಿಯೂ ಇದ್ದಳು. ಕೆಟ್ಟ ಅಧಿಕಾರಿಗಳನ್ನು ಕಟ್ಟಿಹಾಕಲು ಬರೆದ ನಿಯಮ ಅದು. ಈಗ ಅದು ಅವಳ ಕೈಯನ್ನೇ ಕಟ್ಟಿತ್ತು.

ದಾದಾಪೀರ್ ಶಾಲೆಯ ಬಳಿಯಿಂದ ಒಂದು ಬಾಟಲಿ ನೀರು ತಂದ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಬಣ್ಣಬಾಕ ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಬಡವರ ಮನೆಯ ಕೂಸಿನಂತೆ ಸಣ್ಣಗೆ ಇರಬೇಕಾದ ಜೀವಿ ಊದಿಕೊಂಡು, ಒಂದು ಎರಡಾಗಿ ಎರಡು ನಾಲ್ಕಾಗಿ ಕಣ್ಣೆದುರಿಗೇ ಹೆಚ್ಚುತ್ತಿತ್ತು. ಬಣ್ಣ ತಿಂದು ಹೀಗಾಗಲು ಸಾಧ್ಯವಿಲ್ಲ. ಇದಕ್ಕೆ ಯಾರೋ ಹಬ್ಬದೂಟ ಹಾಕಿದ್ದಾರೆ. ಶಾಂಭವಿ ಬಾಟಲಿಯ ಬಾಯಿಗೆ ಮೂಗು ಹಿಡಿದಳು. ಹುಳಿಹುಳಿ ವಾಸನೆ, ಎಲ್ಲೋ ಬಹಳ ಹತ್ತಿರದ್ದು. ಯಾವುದೆಂದು ತಟ್ಟನೆ ಹೊಳೆಯಲಿಲ್ಲ. ಕಪಾಟಿನಿಂದ ಅಯೋಡಿನ್ ತೆಗೆದು ಎರಡು ಹನಿ ಬಿಟ್ಟಳು. ಶಾಲೆಯಲ್ಲಿ ಆಲೂಗಡ್ಡೆಯ ಮೇಲೆ ಅಯೋಡಿನ್ ಹಾಕಿದ್ದು ಯಾರಿಗೆ ನೆನಪಿಲ್ಲ? ನೀರು ಕಡುನೀಲಿಗೆ ತಿರುಗಿತು.

"ಪಿಷ್ಟ," ಎಂದ ದಾದಾಪೀರ್. "ಹಳ್ಳದಾಗ ಅನ್ನ ಯಾರು ಕುದಿಸ್ಯಾರ್ರಿ?"

ಶಾಂಭವಿಗೆ ಆಗ ವಾಸನೆಯ ಗುರುತು ಸಿಕ್ಕಿತು. ಮದುವೆಯಾಗಿ ಬಂದ ದಿನದಿಂದ ಬೆಳಗಾದರೆ ಅವಳ ಮೂಗಿಗೆ ಬಡಿಯುವ ವಾಸನೆ ಅದು. ಅವಳು ಚಪ್ಪಲಿ ಮೆಟ್ಟುವುದನ್ನೂ ಮರೆತು ಮನೆಯ ಕಡೆ ನಡೆದಳು, ಸೇತುವೆ ದಾಟಿದ ಮೇಲೆ ಓಡಿದಳು.

ಮನೆಯ ಮುಂದಿನ ಓಣಿಯಲ್ಲಿ ನೂಲಿನ ಹಾಸು ಉದ್ದಕ್ಕೆ ಕಟ್ಟಿತ್ತು. ಅತ್ತೆ ಸಾಂತವ್ವ ಕುಂಚವನ್ನು ಗಡಿಗೆಯಲ್ಲಿ ಅದ್ದಿ ಎಳೆಗಳಿಗೆ ಗಂಜಿ ಸವರುತ್ತಿದ್ದಳು. ಜೋಳದ ಹಿಟ್ಟು ಕುದಿಸಿ ಒಂದು ರಾತ್ರಿ ಇಟ್ಟ ಗಂಜಿ. ಗಂಜಿ ಕುಡಿಯದ ನೂಲು ಮಗ್ಗದಲ್ಲಿ ಹರಿಯುತ್ತದೆ, ಕುಡಿದದ್ದು ಗಟ್ಟಿಯಾಗುತ್ತದೆ. ನೂಲಗೇರಿಯಲ್ಲಿ ನೀರಿಲ್ಲದ ಮನೆ ಇದ್ದೀತು, ಗಂಜಿಯ ಗಡಿಗೆ ಇಲ್ಲದ ಮನೆ ಇಲ್ಲ.

"ಅತ್ತಿ, ಗುಳ್ಳವ್ವನ ಮಣ್ಣಾಗ ಏನಾರ ಹಾಕಿದ್ರೇನು?" ಏದುಸಿರಿನಲ್ಲಿ ಕೇಳಿದಳು.

ಸಾಂತವ್ವನ ಮುಖ ಅರಳಿತು. ಸೊಸೆ ಹೊಗಳಲು ಬಂದಿದ್ದಾಳೆ ಎಂದುಕೊಂಡಿರಬೇಕು. "ಹಾಕದ ಏನ್ ಮಾಡ್ಲಿ? ಈ ಸಲದ ಗಾಳಿ ನೋಡೀಯಿಲ್ಲ? ಮಾಡಿಟ್ಟಿದ್ದೆಲ್ಲಾ ಬಿರಕ ಬಿಡಾಕತ್ತಿತ್ತು. ಕೈ ಮುರದ ಗೌರಿನ ಹೆಂಗ ಮನಿಮನಿಗೆ ಒಯ್ತಾವ ಪಾಪ. ಕುಸುಮಿ ಅತ್ತಕೋಂತ ಬಂತು. ನಾನ ಹೇಳ್ದೆ, ಮಣ್ಣಾಗ ಗಂಜಿ ಕಲಸ್ರಿ, ಕಲ್ಲಾಕ್ಕಾವು ಅಂತ."

"ಕುಸುಮಿ ಒಬ್ಬಾಕಿನ?"

"ಎಲ್ಲಾ ಹುಡಿಗ್ಯಾರಿಗೂ ಕೊಟ್ಟೇವಿ. ಮನಿಗೊಂದು ಗಡಿಗಿ ಕೊಟ್ಟಾರ ಮಂದಿ. ಸಣ್ಣ ಹುಡುಗರ ಕೆಲಸಕ್ಕ ಯಾರು ಇಲ್ಲಂತಾರ?"

ಗಂಜಿ ಸೇರಿಸಬೇಡಿ ಎಂದು ಮಕ್ಕಳಿಗೆ ಶಾಂಭವಿ ಹೇಳಿರಲಿಲ್ಲ. ಬಣ್ಣಬಾಕದ ಬಗ್ಗೆ ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟಿದ್ದಳು, ಹಾಡು ಕಟ್ಟಿಸಿದ್ದಳು, ಗೋಡೆಗೆ ಬಣ್ಣ ಬಳಿಸಿದ್ದಳು. ಬಿರುಕು ಬಿಡುವ ಗೊಂಬೆಯನ್ನು ಕಂಡು ನೇಕಾರರ ಮನೆಯ ಕೈ ಎತ್ತ ಹೋಗುತ್ತದೆಂದು ಆ ಮನೆಯ ಸೊಸೆಯೇ ಯೋಚಿಸಿರಲಿಲ್ಲ. ಇನ್ನೂರು ಗೊಂಬೆಗಳು ಈಗ ಹಳ್ಳದ ಸಂದುಗೊಂದುಗಳಲ್ಲಿ ಕುಳಿತು ಹನಿಹನಿಯಾಗಿ ಗಂಜಿ ಬಿಡುತ್ತಿದ್ದವು. ಬಣ್ಣಬಾಕ ಉಂಡು ಉಂಡು ನೀರಿನ ಉಸಿರನ್ನೆಲ್ಲ ಎಳೆದುಕೊಳ್ಳುತ್ತಿತ್ತು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ. ಹಳ್ಳಕ್ಕೆ ವಿಷವಾದದ್ದು ಜೋಳದ ಗಂಜಿ.

ಅವಳು ಚುಟುಕಾಗಿ ವಿಷಯ ಹೇಳಿ, "ಗೊಂಬಿ ಎಲ್ಲಾ ಹೊರಗ ತಗೀಬೇಕ್ರಿ ಅತ್ತಿ. ಈಗಿಂದೀಗ," ಎಂದಳು.

ಸಾಂತವ್ವನ ಕೈಯ ಕುಂಚ ನಿಂತಿತು. ಗಂಜಿಯ ಮಾತು ಅವಳಿಗೆ ಎಷ್ಟು ತಲುಪಿತೋ, ಈ ಮಾತಂತೂ ನೆಟ್ಟಗೆ ನಾಟಿತು. "ಬಿಟ್ಟ ಗುಳ್ಳವ್ವನ್ನ ತಿರುಗಿ ತರ್ತೀಯಾ? ಗೌರಿನ ಗಂಡನ ಮನಿಗೆ ಕಳಸಿದಂಗ ಅದು. ಕಳಸಿದ ಮಗಳನ್ನ ಎಳಕೊಂಡು ಬಂದ್ರ ಊರಿಗೆ ಒಳ್ಳೇದಾಕ್ಕೇತೇನು? ಹೆಣ್ಣ ಹುಡುಗರ ಕೈಲೆ ಇಂಥಾ ಕೆಲಸ ಮಾಡಸಬ್ಯಾಡ."

ವಾದಕ್ಕೆ ಹೊತ್ತಿರಲಿಲ್ಲ. ಶಾಂಭವಿ ಶಾಲೆಗೆ ಓಡಿದಳು. ಹಿಂದಿನಿಂದ ಅತ್ತೆ ಸೆರಗು ಸಿಕ್ಕಿಸಿಕೊಂಡು ಬೈಯುತ್ತ ಬರುವುದು ಕೇಳಿಸುತ್ತಿತ್ತು.

ಬಡಿಗೇರ ಮಾಸ್ತರರು ಮಾತು ಮುಗಿಯುವ ಮೊದಲೇ ಗಂಟೆ ಬಾರಿಸಿದರು. ಹುಡುಗಿಯರೆಲ್ಲ ಮೆಟ್ಟಿಲ ಮೇಲೆ ಸೇರಿದರು. ದೊಡ್ಡವರು ಇಳಿದು ಹುಡುಕಿದರೆ ಆಗದೆ ಎಂದು ಒಬ್ಬ ಮೇಷ್ಟ್ರು ಕೇಳಿದರು. ಆಗುವುದಿಲ್ಲ. ಯಾವ ಗೊಂಬೆ ಯಾವ ಸಂದಿಯಲ್ಲಿದೆಯೆಂದು ಬಚ್ಚಿಟ್ಟವರಿಗೆ ಮಾತ್ರ ಗೊತ್ತು. ಗೊತ್ತಿಲ್ಲದವರು ಇಳಿದು ತಡಕಾಡಿದರೆ ತಳದ ಕೆಸರೆದ್ದು ಇರುವ ಉಸಿರೂ ಹೋಗುತ್ತದೆ. ಮೀನುಗಳು ಆಗಲೇ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದವು. ಮಕ್ಕಳು ಅದನ್ನು ಆಟವೆಂದು ತಿಳಿದು ಬೆರಳು ತೋರಿಸಿ ನಗುತ್ತಿದ್ದರು.

ಶಾಂಭವಿ ಹೇಳಿದ್ದನ್ನು ಕೇಳಿ ನಗು ನಿಂತಿತು. ಯಾರೂ ಕದಲಲಿಲ್ಲ.

"ಮಾವ್ಶಿ, ಬಿಟ್ಟಿದ್ದನ್ನ ತಂದ್ರ ಗುಳ್ಳವ್ವ ಮುನಿಸ್ಕೋತಾಳ್ರಿ," ಎಂದಳು ಮುಂದೆ ನಿಂತ ಹುಡುಗಿ. ಕುಸುಮಾ ತಾಯಿಯ ಮುಖವನ್ನೂ ಹಿಂದೆ ನಿಂತ, ತಾನು ಆಯಿ ಎಂದು ಕರೆಯುವ ಅಜ್ಜಿಯ ಮುಖವನ್ನೂ ಸರದಿಯಂತೆ ನೋಡಿದಳು.

ಆಗಲೇ ಸೈರನ್ ಕೂಗಿತು. ಫೋನಿನಲ್ಲಿ ದಾದಾಪೀರನ ದನಿ: "ಎರಡರ ಕೆಳಗ ಇಳೀತ್ರಿ ಮೇಡಂ. ತಾಸಿನ ಲೆಕ್ಕ ಚಾಲೂ ಆತು. ಒಂದ್ಸಲ ಗೆರೀ ಮ್ಯಾಲ ಬಂದ್ರ ಲೆಕ್ಕ ಅಳಸ್ತೈತಿ. ಬರದಿದ್ರ ನನ್ನ ಕೈಯಾಗ ಏನೂ ಇಲ್ಲ."

ಹತ್ತು ವರ್ಷದ ಮಗುವಿನ ಭಯಕ್ಕೆ ಆಮ್ಲಜನಕದ ಅಂಕಿ ಹೇಳಿ ಏನು ಮಾಡುವುದು? ಅಷ್ಟರಲ್ಲಿ ಸಾಂತವ್ವ ಮಕ್ಕಳನ್ನು ಸರಿಸಿಕೊಂಡು ನೀರಿನ ಅಂಚಿಗೆ ಬಂದಳು. ಬಾಯಿ ತೆರೆದ ಮೀನುಗಳನ್ನು ನೋಡಿದಳು.

"ಹಿಂಗ ಯಾಕ ಬಾಯಿ ತಗದಾವ ಇವು?"

"ಉಸಿರ ಸಾಲವಲ್ದು ಅತ್ತಿ."

ಸಾಂತವ್ವ ಮಕ್ಕಳ ಕಡೆ ತಿರುಗಿದಳು. "ನನ್ನ ಮೊದಲ ಲಗ್ನ ಗೋಕಾಕದ ಕಡೆ ಆಗಿತ್ತು," ಎಂದಳು, ನಿನ್ನೆಯ ಸಂತೆಯ ಮಾತಾಡುವಂತೆ. "ಅಲ್ಲಿ ನನಗ ಉಣ್ಣಾಕ ಕೊಡ್ತಿದ್ದಿಲ್ಲ. ಬಡೀತಿದ್ರು. ಕಳಸಿದ ಮಗಳನ್ನ ಕರಕೊಂಡು ಬರಬಾರದು ಅಂತ ಊರ ಮಂದಿ ನಮ್ಮಪ್ಪಗ ಹೇಳಿದ್ರು. ಅಂವ ಬಂಡಿ ಕಟಗೊಂಡು ಬಂದು ಕರಕೊಂಡ ಹ್ವಾದ. ಆಮ್ಯಾಲ ಈ ಮನಿಗೆ ಕೊಟ್ಟ. ಅಂವ ಬರದಿದ್ರ ಕುಸುಮಿಗೆ ಆಯಿ ಇರ್ತಿದ್ದಿಲ್ಲ." ಹಳ್ಳದ ಕಡೆ ಕೈ ತೋರಿಸಿ, "ಕಳಸೂದೂ ನಾವ, ಕರಕೊಂಡ ಬರೂದೂ ನಾವ. ಗೌರಿಗೆ ಅದು ತಿಳೀತೈತಿ. ಇಳೀರಿ," ಎಂದಳು.

ಇಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡರೂ ಶಾಂಭವಿಗೆ ಈ ಸಂಗತಿ ಗೊತ್ತಿರಲಿಲ್ಲ. ಅತ್ತೆಯ ಕೈ ಹಿಡಿಯಬೇಕೆನಿಸಿತು. ಹಿಡಿಯಲು ಪುರುಸೊತ್ತಿರಲಿಲ್ಲ.

ಹುಡುಗಿಯರು ಇಳಿದರು. ನೋಡಿದವರಿಗೆ ಅಚ್ಚರಿಯಾಗಬೇಕು, ಒಬ್ಬಳೂ ಕೆಸರು ಎಬ್ಬಿಸಲಿಲ್ಲ. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು, ಸುಳಿ ಇದ್ದಲ್ಲಿ ಬಳಸಿ, ಮರಿಗಳು ಅಡಗುವ ಬೇರನ್ನು ಮುಟ್ಟದೆ ಕೈ ತೂರಿಸಿ, ಒಬ್ಬೊಬ್ಬಳೂ ತನ್ನ ಗುಟ್ಟಿನ ಜಾಗಕ್ಕೆ ನೆಟ್ಟಗೆ ಹೋದಳು. ಎರಡು ವರ್ಷ ಗೋಡೆಯ ಮೇಲೆ ಬಳಿದ ಹಳ್ಳ ಅವರ ಕಾಲಿಗೆ ಬಾಯಿಪಾಠವಾಗಿತ್ತು. ಮಾಸ್ತರರು ಗಂಡುಹುಡುಗರನ್ನೂ ಓಣಿಯ ಹೆಂಗಸರನ್ನೂ ದಂಡೆಯುದ್ದಕ್ಕೆ ನಿಲ್ಲಿಸಿ, ಕೊಡದಲ್ಲಿ ನೀರು ಎತ್ತಿ ಮೇಲಿನಿಂದ ಹಳ್ಳಕ್ಕೇ ಸುರಿಸತೊಡಗಿದರು. "ಎತ್ತರದಿಂದ ಬಿಡ್ರಿ, ನೊರಿ ಏಳ್ಬೇಕು, ಗಾಳಿ ಬೆರೀಬೇಕು," ಎಂದು ಕೂಗುತ್ತಿದ್ದರು. ಅರ್ಧ ಕರಗಿದ ಗುಳ್ಳವ್ವಗಳು ಮೆಟ್ಟಿಲ ಮೇಲೆ ಬಂದು ಕೂರತೊಡಗಿದವು. ಕೆಲವಕ್ಕೆ ಮೂಗಿಲ್ಲ, ಕೆಲವಕ್ಕೆ ತಲೆಯೇ ಇಲ್ಲ.

"ಎಷ್ಟ ಐತಿ?" ಶಾಂಭವಿ ಫೋನಿನಲ್ಲಿ ಕೇಳುತ್ತಲೇ ಇದ್ದಳು.

"ಒಂದೂವರಿ." ಸ್ವಲ್ಪ ಹೊತ್ತಿಗೆ, "ಮ್ಯಾಲಿನ ಕೋಲೆಲ್ಲಾ ಏರಾಕತ್ತಾವ್ರಿ. ಸಾಲಿ ಹತ್ರಿಂದು ಮಾತ್ರ ಏಳವಲ್ದು." ಮತ್ತೆ ಸ್ವಲ್ಪ ಹೊತ್ತಿಗೆ ಅವನ ದನಿ ಬದಲಾಯಿತು. "ಮೇಡಂ, ಹುಡುಗರನ್ನ ಮ್ಯಾಲ ಕರೀರಿ. ಟಾಕಿ ಬಾಗಲದ ಮೋಟರು ಗುಂಯ್ ಅನ್ನಾಕತ್ತೇತಿ. ಆ ನೀರು ಮಕ್ಕಳ ಕಣ್ಣಿಗೆ ಬಿದ್ರ ಕೆಲಸ ಕೆಡತೈತಿ."

ಅವಳು ಎಲ್ಲರನ್ನೂ ಮೇಲೆ ಕರೆದಳು. ಹಳ್ಳ ಉಳಿಯಬೇಕು ನಿಜ, ಆದರೆ ಮಕ್ಕಳ ಕಣ್ಣಿನ ಬೆಲೆ ಕೊಟ್ಟಲ್ಲ. ಹುಡುಗಿಯರು ಒದ್ದೆಯಾಗಿ ನಡುಗುತ್ತ ಹತ್ತಿ ಬಂದರು. ಕುಸುಮಾ ಮಾತ್ರ ಕೊನೆಯ ಮೆಟ್ಟಿಲಿನ ಬಳಿ ಮೊಣಕಾಲುದ್ದ ನೀರಿನಲ್ಲಿ ನಿಂತೇ ಇದ್ದಳು.

"ನಂದು ಸಿಗವಲ್ದವ್ವ. ಕೈ ಮುಟ್ಟವಲ್ದು. ನಿನ್ನೆ ಕಟಗೀಲೆ ಒಳಗ ದೂಡಿದ್ದೆ."

"ಎಲ್ಲಿ ಇಟ್ಟೀ?"

ಕುಸುಮಾ ತೋರಿಸಿದಳು. ಅಳತೆಕೋಲನ್ನು ನಿಲ್ಲಿಸಿದ್ದ ಚಪ್ಪಡಿಯ ಬುಡ. "ಮರಿ ಮೀನು ರಾತ್ರಿ ಅಲ್ಲೇ ಮಲಗ್ತಾವು. ಅದಕ್ಕ ದೊಡ್ಡದು ಮಾಡಿದ್ದೆ. ಗಂಜಿ ಎರಡ ಸಲ ಕುಡಿಸಿದ್ದೆ, ಬಾಳ ದಿನ ಇರ್ಲಿ ಅಂತ."

ಶಾಂಭವಿ ಮಗಳನ್ನು ಎತ್ತಿ ಮೆಟ್ಟಿಲ ಮೇಲಿದ್ದ ಅತ್ತೆಯ ಕೈಗೆ, ಫೋನನ್ನು ಮಾಸ್ತರರ ಕೈಗೆ ಕೊಟ್ಟು ತಾನೇ ನೀರಿಗಿಳಿದಳು. ಈ ಚಪ್ಪಡಿಯನ್ನು ಇಲ್ಲಿ ಹಾಕಿಸಿದವಳು ಅವಳೇ. ಅದರ ಉದ್ದ, ಅಗಲ, ಆಳ ಎಲ್ಲವೂ ಕಂಪ್ಯೂಟರಿನಲ್ಲಿದೆ. ಅದರ ಕೆಳಗೆ ಮೀನು ಮಲಗುವ ಗವಿಯೊಂದಿದೆಯೆಂದು ಯಾವ ನಕ್ಷೆಯಲ್ಲೂ ಇರಲಿಲ್ಲ. ಬೋರಲಾಗಿ ಕುತ್ತಿಗೆಯವರೆಗೆ ಮುಳುಗಿ, ಕೆನ್ನೆಯನ್ನು ಕಲ್ಲಿಗೆ ಒತ್ತಿ ತೋಳನ್ನು ಒಳಗೆ ತೂರಿಸಿದಳು. ಕೈಗೆ ಕಲ್ಲು, ಪಾಚಿ, ಕಲ್ಲು.

"ಎಡಕ್ಕ ಹೊಳ್ಸು ಅವ್ವ," ಎಂದಳು ಕುಸುಮಾ ಮೇಲಿನಿಂದ. "ಅಷ್ಟ ಜೋರು ಬ್ಯಾಡ, ರಾಡಿ ಏಳತೈತಿ. ಮ್ಯಾಲ. ಅಲ್ಲೊಂದು ಮೂಲಿ ಐತಿ. ಆ ಮೂಲಿ ಹಿಂದ."

"ಎರಡ ಮಿನಿಟು ಉಳದೇತ್ರಿ ಮೇಡಂ, ಮ್ಯಾಲ ಬರ್ರಿ," ಎಂದು ಮಾಸ್ತರರ ಕೈಯಲ್ಲಿದ್ದ ಫೋನು ಕೂಗುತ್ತಿತ್ತು.

ಬೆರಳ ತುದಿಗೆ ಮೆತ್ತಗಿನದೇನೋ ತಾಕಿತು. ಅದರ ಸುತ್ತ ಸಣ್ಣಸಣ್ಣ ಮೈಗಳು ಕೈಗೆ ಬಡಿದವು. ಕೆಲವು ಕದಲಿದವು, ಕೆಲವು ಕದಲಲಿಲ್ಲ. ಶಾಂಭವಿ ಎಳೆಯಲಿಲ್ಲ. ಎಳೆದರೆ ಒಡೆದು ಇದ್ದ ಗಂಜಿಯೆಲ್ಲ ಅಲ್ಲೇ ಕದಡುತ್ತದೆ. ಅಂಗೈಯನ್ನು ಬಟ್ಟಲು ಮಾಡಿ ಗೊಂಬೆಯ ಕೆಳಗೆ ತೂರಿಸಿ, ಹೆತ್ತ ಕೂಸನ್ನು ಎತ್ತುವಂತೆ ಮೆಲ್ಲಗೆ ಹೊರತಂದು, ಒಡೆಯದಂತೆ ಸೆರಗಿನಲ್ಲಿ ಕಟ್ಟಿ ಮೆಟ್ಟಿಲ ಮೇಲಕ್ಕೆ ನೀಡಿದಳು. ಹೆಂಗಸರು ಚಪ್ಪಡಿಯ ಮೇಲೆ ಕೊಡದ ಮೇಲೆ ಕೊಡ ಸುರಿದರು. ಶಾಂಭವಿ ಮೆಟ್ಟಿಲು ಹತ್ತಿ ಕುಳಿತಳು. ಸೇತುವೆಯ ಕಡೆಯಿಂದ ಮೋಟರಿನ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು.

"ಒಂದು ಎಂಟು," ಎಂದ ದಾದಾಪೀರ್. "ಒಂದು ಒಂಬತ್ತು. ಒಂದು ಒಂಬತ್ತೇ ಐತಿ." ಹೆಂಗಸರು ಇನ್ನೊಂದು ಸುತ್ತು ಕೊಡ ಸುರಿದರು. "ಎರಡು," ಎಂದ. "ಎರಡು ಒಂದು. ಗೆರೀ ದಾಟ್ತು ಮೇಡಂ."

ಸೈರನ್ ನಿಂತಿತು. ಅದು ನಿಂತ ಮೇಲೆಯೇ ಎಷ್ಟು ಹೊತ್ತಿನಿಂದ ಕೂಗುತ್ತಿತ್ತೆಂದು ಎಲ್ಲರಿಗೂ ಗೊತ್ತಾದದ್ದು. ಮಾಸ್ತರರು ಗೋಡೆಗೆ ತಲೆ ಆನಿಸಿ ಅಳತೊಡಗಿದರು, ನಾಚಿಕೆಯೇ ಇಲ್ಲದೆ.

ಸಂಜೆಯ ಹೊತ್ತಿಗೆ ಅಂಕಿ ನಾಲ್ಕಕ್ಕೆ ಬಂದಿತ್ತು. ಹಳ್ಳ ಉಳಿಯಿತು. ಆದರೆ ಶಾಲೆಯಿಂದ ಕೆಳಗೆ ತಿರುವಿನವರೆಗೆ ಬೆಳ್ಳಿಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಊರಿನ ನಾಯಿಗಳು ದಂಡೆಗೆ ಬಂದು ಕುಳಿತಿದ್ದವು. ಕುಸುಮಾ ನೀರಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದಳು.

"ಇವನ್ನ ನಾವ ಕೊಂದ್ವಿ ಏನವ್ವ?"

ಇಲ್ಲ ಎನ್ನಬಹುದಿತ್ತು. ಗಾಳಿ ಎನ್ನಬಹುದಿತ್ತು, ಮೋಡ ಎನ್ನಬಹುದಿತ್ತು, ಮೂರ್ನಾಲ್ಕು ವಾಕ್ಯದ ವಿಜ್ಞಾನ ಹೇಳಿ ಮಗಳನ್ನು ಮನೆಗೆ ಕರೆದೊಯ್ಯಬಹುದಿತ್ತು. ಪಕ್ಕದಲ್ಲಿ ಸಾಂತವ್ವನೂ ಕಿವಿ ಕೊಟ್ಟು ನಿಂತಿದ್ದಳು. ಶಾಂಭವಿ ಮಗಳ ಪಕ್ಕದಲ್ಲಿ ಕುಳಿತಳು.

"ಹೌದವ್ವ," ಎಂದಳು. "ನೀನು ಗಂಜಿ ಹಾಕಿದಿ, ಆಯಿ ಕೊಟ್ಟಳು, ಹಾಕಬ್ಯಾಡ ಅಂತ ನಾ ಹೇಳಲಿಲ್ಲ."

ಕುಸುಮಾ ಅಳಲಿಲ್ಲ. ಎದ್ದು ಹೋಗಿ ನಿನ್ನೆ ಮನೆಮನೆಗೆ ಗುಳ್ಳವ್ವನನ್ನು ಒಯ್ದ ಹಿತ್ತಾಳೆಯ ತಟ್ಟೆ ತಂದಳು. ನೀರಿಗಿಳಿದು ಸತ್ತ ಮೀನುಗಳನ್ನು ಒಂದೊಂದಾಗಿ ಎತ್ತಿ ತಟ್ಟೆಯಲ್ಲಿ ಇಟ್ಟಳು. ಬಾಲ ಒಂದು ಕಡೆ ತಲೆ ಒಂದು ಕಡೆ ಬರುವಂತೆ, ರಂಗೋಲಿಯ ಎಸಳಿನ ಹಾಗೆ ಸುತ್ತಲೂ ಜೋಡಿಸಿದಳು. ಉಳಿದ ಹುಡುಗಿಯರು ನೋಡಿದರು. ತಾವೂ ತಮ್ಮತಮ್ಮ ತಟ್ಟೆ ತರಲು ಹೋದರು.

"ಏನ್ ಮಾಡಾಕತ್ತೀ?" ಎಂದಳು ಶಾಂಭವಿ.

"ಗಂಜಿ ಕೊಟ್ಟ ಮನಿಗೆಲ್ಲಾ ಒಯ್ದು ತೋರಸ್ತೀವಿ. ಮುಂದಿನ ಮಂಗಳಾರಕ್ಕ ಮತ್ತ ಕೊಡ್ತಾರ ಇಲ್ಲಂದ್ರ."

ಮೀನು ಮುಟ್ಟದ ಮನೆಗಳು ಅವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲಿಗೆ ಸತ್ತ ಮೀನು ತಂದರೆ ಹುಡುಗಿಯರ ಬೆನ್ನು ಮುರಿದಾರು. ತಡೆಯಬೇಕೆಂದು ಬಾಯಿ ತೆರೆದ ಶಾಂಭವಿ ತಡೆಯಲಿಲ್ಲ. ಸಾಲು ಹೊರಟಿತು. ಮೊದಲನೆಯ ಮನೆ ಅವರದೇ.

ಕುಸುಮಾ ಹೊಸ್ತಿಲ ಮುಂದೆ ನಿಂತು ತಟ್ಟೆ ನೀಡಿದಳು. ಅವರಿಗಿಂತ ಮೊದಲೇ ಮನೆ ಸೇರಿ ಕಾಲು ತೊಳೆದಿದ್ದ ಸಾಂತವ್ವ, ಮಕ್ಕಳ ದನಿ ಕೇಳಿ ರೂಢಿಯಂತೆ ಬೊಗಸೆಯಲ್ಲಿ ಜೋಳ ತುಂಬಿಕೊಂಡು ಹೊರಬಂದಿದ್ದಳು. ತಟ್ಟೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ಆಯಿ, ಗಂಜಿ ಕುಡದು ಇವು ಸತ್ತಾವು," ಎಂದಳು ಕುಸುಮಾ. "ಇನ್ನೊಮ್ಮೆ ಕೊಡಬ್ಯಾಡ."

ಜೋಳ ಬೊಗಸೆಯಿಂದ ಸೋರಿ ಕಟ್ಟೆಯ ಮೇಲೆ ಬಿತ್ತು. ಜೀವಮಾನದಲ್ಲಿ ಮೀನನ್ನು ಕೈಯಿಂದ ಮುಟ್ಟಿರದ ಮುದುಕಿ ಸೆರಗಿಗೆ ಕೈ ಒರೆಸಿಕೊಂಡಳು. ಹೊಸ್ತಿಲು ದಾಟಿ ಬಂದು ಮೊಮ್ಮಗಳ ಕೈಯಿಂದ ತಟ್ಟೆಯನ್ನು ತನ್ನ ಎರಡೂ ಕೈಗೆ ತೆಗೆದುಕೊಂಡಳು.

"ಗಂಜಿ ಕೊಡ್ರಿ ಅಂತ ಓಣ್ಯಾಗ ಹೇಳಿಕೊಂಡ ಬಂದಾಕಿ ನಾನು," ಎಂದಳು. "ನೀವು ಸಣ್ಣವರು, ಬೈಸ್ಕೋಬ್ಯಾಡ್ರಿ. ನನ್ನ ಹಿಂದ ಬರ್ರಿ."

ತಟ್ಟೆ ಹಿಡಿದು ಅವಳು ಪಕ್ಕದ ಮನೆಯ ಕಟ್ಟೆ ಏರಿದಳು, ಹುಡುಗಿಯರ ಸಾಲು ಅವಳ ಹಿಂದೆ ನಿಂತಿತು, ಒಳಗಿನಿಂದ ಯಾರೋ ಕಾಳು ತರಲು ಎದ್ದು ಬರುವ ಬಳೆಯ ಸದ್ದು ಕೇಳಿಸಿತು.